ಕರಾವಳಿಯ ಸೆಕೆಗೆ ಅಕ್ವೇರಿಯಂ ತಂಪು ಮಾಡುವುದು: ಫ್ಯಾನ್, ಐಸ್ ಬಾಟಲಿ, ಬಾವಿ ನೀರು, ಚಿಲ್ಲರ್

ಏಪ್ರಿಲ್ ಬಂತೆಂದರೆ ಮಂಗಳೂರಿನಲ್ಲಿ ಮೀನು ಸಾಕುವವರಿಗೆಲ್ಲ ಒಂದೇ ತಲೆಬಿಸಿ. ಟ್ಯಾಂಕಿನ ನೀರು ಮಧ್ಯಾಹ್ನ 31, 32 ಡಿಗ್ರಿ ಮುಟ್ಟುತ್ತದೆ, ರಾತ್ರಿಯಾದರೂ ಇಳಿಯುವುದಿಲ್ಲ. ನಮ್ಮದು ತಾರಸಿಯ ಕೆಳಗಿನ ಮಹಡಿ. ಹಗಲಿಡೀ ಕಾದ ಸ್ಲ್ಯಾಬ್ ಸಂಜೆ ಮೇಲೆ ಬಿಸಿ ಬಿಡಲು ಶುರು ಮಾಡುತ್ತದೆ. ಟ್ಯಾಂಕ್ ಎರಡಡಿಯದು, ಹಿಡಿಯುವುದು ಸುಮಾರು 50 ಲೀಟರ್. ಒಳಗಿರುವುದು ನಿಯಾನ್ ಟೆಟ್ರಾ ಮತ್ತು ತಳದಲ್ಲೇ ಓಡಾಡುವ ಕೋರಿ ಮೀನು. ಎರಡಕ್ಕೂ 26 ಡಿಗ್ರಿ ಆಸುಪಾಸು ಇದ್ದರೆ ಹಿತ.

ಫ್ಯಾನ್, ಐಸ್, ಬಾವಿ ನೀರು ಎಲ್ಲವನ್ನೂ ಇದೇ ಟ್ಯಾಂಕಿನಲ್ಲಿ ಮಾಡಿ ನೋಡಿದ್ದೇನೆ. ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಮಾತ್ರ ಮಣಿಪಾಲದ ತಮ್ಮನ ಮನೆಯದು.

ಮೊದಲು ಫ್ಯಾನ್, ಯಾಕೆಂದರೆ ನನ್ನ ಓಟು ಅದಕ್ಕೇ. ಗಾಜಿನ ಮುಚ್ಚಳ ತೆಗೆದು, ಮೀನು ಹಾರದ ಹಾಗೆ ಸೊಳ್ಳೆ ಬಲೆ ಕಟ್ಟಿ, ಕ್ಲಿಪ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ತಿರುಗಿಸಿದೆ. ಗಾಳಿ ಬಿದ್ದಲ್ಲಿ ಸಣ್ಣ ಸಣ್ಣ ಅಲೆ ಏಳಬೇಕು, ಅಷ್ಟಾದರೆ ಸಾಕು. ಏಪ್ರಿಲ್ ಮೊದಲ ವಾರಗಳಲ್ಲಿ 31.5 ಇದ್ದದ್ದು ಸಂಜೆಯೊಳಗೆ 29ಕ್ಕೆ ಬಂತು. ನಿಧಾನಕ್ಕೆ ಇಳಿಯುವುದರಿಂದ ಮೀನಿಗೆ ಗೊತ್ತೇ ಆಗುವುದಿಲ್ಲ.

ಆದರೆ ಬೆಂಗಳೂರಿನ ಗೆಳೆಯರು ಹೇಳುವ ‘ನಾಲ್ಕೈದು ಡಿಗ್ರಿ ಇಳಿಯುತ್ತದೆ ಮಾರಾಯ’ ಎಂಬ ಮಾತು ಘಟ್ಟ ಇಳಿದು ಬರುವುದಿಲ್ಲ. ನೀರು ಆವಿಯಾದರೆ ತಾನೇ ತಂಪು? ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿಕೊಂಡಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಎಷ್ಟು ತೋರಿಸುತ್ತದೋ ಅದಕ್ಕಿಂತ ಕೆಳಗೆ ಫ್ಯಾನ್ ನೀರನ್ನು ಇಳಿಸಲಾರದು. 33 ಡಿಗ್ರಿ ಸೆಕೆ, ಶೇ. 30 ತೇವಾಂಶ ಇರುವ ಊರಿನಲ್ಲಿ ಆ ಮಿತಿ 21ರ ಹತ್ತಿರ. ಅದೇ 33ಕ್ಕೆ ತೇವಾಂಶ ಶೇ. 65 ಆದರೆ 27.5. ಅಲ್ಲಿಯವರೆಗೂ ಯಾವ ಟ್ಯಾಂಕೂ ಇಳಿಯುವುದಿಲ್ಲ ಅನ್ನಿ. ಮೇ ಕೊನೆಗೆ, ಮಳೆಗೆ ಮುಂಚಿನ ಆ ಜಿಗುಟು ಸೆಕೆಯಲ್ಲಿ, ಫ್ಯಾನ್ ಒಂದು ಡಿಗ್ರಿ ಇಳಿಸಿದರೆ ಹೆಚ್ಚು.

ದಿನವೂ ನೀರು ಕಮ್ಮಿಯಾಗುತ್ತದೆ, ತುಂಬಿಸುತ್ತಿರಬೇಕು. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಬರೀ ತುಂಬಿಸುತ್ತಾ ಹೋದರೆ ಸಾಲದು, ಆಗಾಗ ಸ್ವಲ್ಪ ಹಳೇ ನೀರನ್ನೂ ತೆಗೆಯಬೇಕು. ಫ್ಯಾನಿನ ವಯರ್ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹತ್ತುವಂತಿರಲಿ. ಇಲ್ಲದಿದ್ದರೆ ಹನಿ ನೇರ ಸ್ವಿಚ್ ಬೋರ್ಡಿಗೆ ಹೋಗುತ್ತದೆ.

ಐಸ್ ಬಾಟಲಿ ನೋಡಲು ಸುಲಭ. ಲೆಕ್ಕವೂ ಚೆನ್ನಾಗಿದೆ: ಅರ್ಧ ಲೀಟರ್ ಐಸ್ ಪೂರ್ತಿ ಕರಗಿದರೆ 50 ಲೀಟರ್ ನೀರು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಮುಚ್ಚಳ ಬಿಗಿಯಾದ ಬಾಟಲಿಯನ್ನು ಫಿಲ್ಟರಿನ ನೀರು ಬೀಳುವ ಕಡೆ ತೇಲಿಬಿಟ್ಟೆ. ಅದರ ಸುತ್ತ ತಣ್ಣಗಾದ ನೀರು ನೇರ ತಳಕ್ಕೆ ಹೋಗುತ್ತದೆ. ಮರಳಿನಲ್ಲಿ ಮೂತಿ ಹುದುಗಿಸಿ ಕೆದಕುತ್ತಿದ್ದ ಕೋರಿಗಳು ತಟ್ಟನೆ ಎದ್ದು ಇನ್ನೊಂದು ಮೂಲೆಗೆ ಓಡಿದವು. ಐಸ್ ಕರಗಿ ಸ್ವಲ್ಪ ಹೊತ್ತಿಗೆ ನೀರು ಮತ್ತೆ ಏರಲು ಶುರು. ಇಳಿ, ಹತ್ತು, ಇಳಿ, ಹತ್ತು. ಸ್ಥಿರವಾದ 30 ಡಿಗ್ರಿಗಿಂತ ಈ ಏರಿಳಿತವೇ ಮೀನಿಗೆ ಜಾಸ್ತಿ ಕಷ್ಟ. ತುರ್ತಿಗೆ ಮಾತ್ರ ಇಟ್ಟುಕೊಳ್ಳಿ, ಒಂದೆರಡು ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ನಲ್ಲಿ ನೀರಿನ ಐಸ್ ತುಂಡುಗಳನ್ನು ಹಾಗೇ ಹಾಕುವುದಂತೂ ಬೇಡವೇ ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ.

ಬಾವಿ ನೀರಿನ ಬಗ್ಗೆ ನಮ್ಮವರಿಗೆಲ್ಲ ವಿಪರೀತ ನಂಬಿಕೆ. ಅತ್ತೆ ಮನೆಯ ಬಾವಿ ನೀರು ತಂದು ನೋಡಿದೆ, 27 ಡಿಗ್ರಿ ಇತ್ತು. 31 ಡಿಗ್ರಿಯ 50 ಲೀಟರಿಗೆ ಇದನ್ನು ಐದು ಲೀಟರ್ ಬದಲಿಸಿದರೆ ಇಳಿಯುವುದು ಅರ್ಧ ಡಿಗ್ರಿಗೂ ಕಮ್ಮಿ! ತಂಪಿಗೆಂದು ಇದನ್ನು ಮಾಡುವುದು ಸುಮ್ನೆ. ಹಾಗಂತ ನೀರು ಬದಲಿಸುವುದು ದಂಡ ಅಲ್ಲ. ನಮ್ಮ ಮುರಕಲ್ಲಿನ ನೆಲದ ಮೆದು (ಲವಣ ಕಮ್ಮಿ ಇರುವ) ನೀರು ನಿಯಾನಿಗೆ ಚೆನ್ನಾಗಿ ಹಿಡಿಸುತ್ತದೆ. ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕಿಯೇ ಬಳಸಿ. ಮಧ್ಯಾಹ್ನ ತಾರಸಿಯ ಟ್ಯಾಂಕಿಯಿಂದ ಹಿಡಿಯಬೇಡಿ, ಅದು ಅಕ್ವೇರಿಯಂಗಿಂತ ಬಿಸಿ ಇರುತ್ತದೆ.

ಈ ನಡುವೆ ಏರ್ ಪಂಪನ್ನು ಮರೆಯಬಾರದು. ಅದು ತಂಪು ಮಾಡುವುದಿಲ್ಲ, ಆದರೆ ಜೀವ ಉಳಿಸುವುದು ಅದೇ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 32ರಲ್ಲಿ ಹಿಡಿಯುವುದು 7.3 ಮಾತ್ರ. ಅತ್ತ ಮೀನಿಗೆ ಬಿಸಿಯಲ್ಲಿ ಬೇಕಾಗುವುದು ಇನ್ನೂ ಜಾಸ್ತಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಫ್ರಿಜ್ಜಿಗೆ ಓಡುವ ಮೊದಲು ಪಂಪ್ ಹಾಕಿ, ಲೈಟ್ ಆರಿಸಿ, ಆಹಾರ ಕಮ್ಮಿ ಮಾಡಿ.

ಇನ್ನು ಚಿಲ್ಲರ್. ತಮ್ಮನದು ಕಂಪ್ರೆಸರ್ ಇರುವಂಥದ್ದು. ಇಡೀ ಮೇ ತಿಂಗಳು ನೀರು 25ರಲ್ಲೇ ನಿಂತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರಿನಿಂದ ತೆಗೆದ ಬಿಸಿಯನ್ನೆಲ್ಲ ಅದು ಕೋಣೆಗೇ ಉಗುಳುತ್ತದೆ. ಅವರು ಈಗ ಅದನ್ನು ಬಾಲ್ಕನಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಬೆಲೆಯೂ ನನ್ನ ಟ್ಯಾಂಕು, ಮೀನು, ಗಿಡ ಎಲ್ಲ ಸೇರಿದ್ದಕ್ಕಿಂತ ಹೆಚ್ಚು. ಗೋಲ್ಡ್‌ಫಿಷ್ ಮೇಲೆ ತುಂಬಾ ಆಸೆ ಇದ್ದವರು, ತಣ್ಣೀರಿನ ಗಿಡ ಬೆಳೆಸುವವರು ಅದಕ್ಕೆ ಹಣ ಹಾಕಲಿ. ಡಿಸ್ಕಸ್ ಮೀನು ಸಾಕುವವರಿಗೆ ಈ ಯಾವ ತಾಪತ್ರಯವೂ ಇಲ್ಲ, ಅದಕ್ಕೆ ಬೇಕಾಗಿರುವುದೇ 28ರಿಂದ 30 ಡಿಗ್ರಿ. ನಮ್ಮ ಸೆಕೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.