ಮೂರು ವರ್ಷ ಹಚ್ಚಿಕೊಂಡ ಎಸ್ಟ್ರಾಡಿಯೋಲ್ ಜೆಲ್ ಮತ್ತು ಮನೆಗೆ ಬಂದ ಕೂಸು

ಗರ್ಭಚೀಲ ತೆಗೆಸಿದರೆ ಮುಟ್ಟಿನ ಕಾಟ ತಪ್ಪುತ್ತದೆ ಎಂದಷ್ಟೇ ತಿಳಿದುಕೊಂಡು, 2021ರಲ್ಲಿ ನನ್ನ 43ನೆಯ ವಯಸ್ಸಿಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಗಡ್ಡೆಗಳಿಂದ ರಕ್ತಸ್ರಾವ ನಿಲ್ಲದೆ ಹಿಮೋಗ್ಲೋಬಿನ್ 7ಕ್ಕೆ ಇಳಿದಿದ್ದರಿಂದ ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಎರಡೂ ಅಂಡಾಶಯಗಳನ್ನೂ ತೆಗೆದಿದ್ದಾರೆಂದು ನನಗೆ ಗೊತ್ತಾದದ್ದು ಮನೆಗೆ ಬಂದು ಡಿಸ್ಚಾರ್ಜ್ ಚೀಟಿಯನ್ನು ಓದಿದಾಗ. ಸಹಜವಾಗಿ ಮುಟ್ಟು ನಿಲ್ಲುವವರಿಗೆ ಹಾರ್ಮೋನು ವರ್ಷಗಟ್ಟಲೆ ಸಾವಕಾಶವಾಗಿ ಕಡಿಮೆಯಾಗುತ್ತದೆ. ಅಂಡಾಶಯ ತೆಗೆದವರಿಗೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೂರನೆಯ ವಾರದಿಂದ ರಾತ್ರಿ ನಾಲ್ಕೈದು ಸಲ ಎದೆಯಿಂದ ಮುಖಕ್ಕೆ ಬಿಸಿ ಏರುತ್ತಿತ್ತು, ಕುಪ್ಪಸ ಬೆವರಿನಿಂದ ತೊಯ್ಯುತ್ತಿತ್ತು, ಬೆಳಿಗ್ಗೆ ಬೆರಳಿನ ಗಂಟುಗಳು ಮಡಚುತ್ತಿರಲಿಲ್ಲ.

ಮೊದಲ ವರ್ಷ, ಅಂಡಾಶಯ ತಯಾರಿಸುತ್ತಿದ್ದ ಹಾರ್ಮೋನಾದ ಈಸ್ಟ್ರೋಜೆನ್ನಿನ ಮಾತ್ರೆ ತೆಗೆದುಕೊಂಡೆ. ನಮ್ಮ ಅವ್ವನಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತೆಂಬುದನ್ನು ಧಾರವಾಡದ ಡಾಕ್ಟರಮ್ಮನವರಿಗೆ ಹೇಳಿದ ದಿನವೇ ಅವರು ಮಾತ್ರೆ ನಿಲ್ಲಿಸಿ ಜೆಲ್ ಬರೆದುಕೊಟ್ಟರು. ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದದ್ದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಕಡಿಮೆ. ಗರ್ಭಕೋಶದ ಒಳಪದರವನ್ನು ಕಾಯಲೆಂದು ಕೊಡುವ ಪ್ರೊಜೆಸ್ಟೋಜೆನ್ ಎಂಬ ಇನ್ನೊಂದು ಹಾರ್ಮೋನು ಕೂಡ, ಗರ್ಭಕೋಶವೇ ಇಲ್ಲದ ನನಗೆ ಬೇಕಾಗಲಿಲ್ಲ.

ಜೆಲ್ಲಿನಲ್ಲಿರುವುದು ಈಸ್ಟ್ರೋಜೆನ್ನಿನ ಒಂದು ರೂಪವಾದ ಎಸ್ಟ್ರಾಡಿಯೋಲ್. ಅದರ ಪ್ರಮಾಣ ಶೇ. 0.06, ದಿನಕ್ಕೆ ಎರಡೂವರೆ ಗ್ರಾಂ ಜೆಲ್ ಹಚ್ಚಿದರೆ ಒಂದೂವರೆ ಮಿಲಿಗ್ರಾಂ. ಬೆಳಿಗ್ಗೆ ಸ್ನಾನ ಮುಗಿಸಿ, ಮೈ ಪೂರ್ತಿ ಒಣಗಿದ ಮೇಲೆ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತುಕೊಳ್ಳುತ್ತಿದ್ದೆ. ಅಳತೆಪಟ್ಟಿಯ ಗೆರೆಯವರೆಗೆ ಜೆಲ್ ಹಿಂಡಿ, ಒಂದು ದಿನ ತೋಳುಗಳಿಗೆ, ಮರುದಿನ ತೊಡೆಗಳ ಒಳಮಗ್ಗುಲಿಗೆ ತೆಳ್ಳಗೆ ಸವರುತ್ತಿದ್ದೆ. ತಿಕ್ಕುವ ಅಗತ್ಯವಿಲ್ಲ, ಎದೆಗೆ ಹಚ್ಚಲೇಬಾರದು. ಸವರಿದೊಡನೆ ಬಾವಿಯ ನೀರು ಬಿದ್ದಷ್ಟು ತಂಪು. ಸ್ಪಿರಿಟ್ಟಿನ ವಾಸನೆ ಎದ್ದು ಐದು ನಿಮಿಷದಲ್ಲಿ ಹೋಗುತ್ತದೆ. ಜೆಲ್ಲಿನಲ್ಲಿರುವ ಮದ್ಯಸಾರ ಬೆಂಕಿಗೆ ಹತ್ತಿಕೊಳ್ಳುವ ವಸ್ತುವಾದ್ದರಿಂದ ದೇವರ ದೀಪ ಹಚ್ಚುವುದು ಅದು ಒಣಗಿದ ಮೇಲೆಯೇ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಆ ಐದು ನಿಮಿಷ ನಾನು ಸುಮ್ಮನೆ ಕುಳಿತಿರಲೇಬೇಕಾಗಿತ್ತು, ಮತ್ತು ಅದನ್ನು ನಾನು ಬಹಳ ಪ್ರೀತಿಸಿದೆ. ಮೂರನೆಯ ವಾರಕ್ಕೆ ರಾತ್ರಿ ಒಂದೇ ನಿದ್ದೆಯಲ್ಲಿ ಬೆಳಗಾಯಿತು. ಮದುವೆಯಾದ ಮೇಲೆ ಅಂಥ ನಿದ್ದೆ ಮಾಡಿದ ನೆನಪು ನನಗಿರಲಿಲ್ಲ.

ಇಲ್ಲಿಯವರೆಗೆ ನಾನು ಈ ಔಷಧವನ್ನು ಹೊಗಳುತ್ತಲೇ ಇದ್ದೆ. ಈ ವರ್ಷ ಮಾರ್ಚಿನಲ್ಲಿ ಮಗಳು ಬಾಣಂತನಕ್ಕೆ ಬಂದಳು. ಕೂಸಿಗೆ ಎರೆಯುವ ಕೆಲಸ ನನ್ನದಾಯಿತು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಬಿಸಿನೀರು ಹಾಕುತ್ತಿದ್ದೆ. ಅದಕ್ಕೆ ಅರ್ಧ ಗಂಟೆ ಮೊದಲಷ್ಟೇ ಅದೇ ತೊಡೆಗಳಿಗೆ, ಅದೇ ತೋಳುಗಳಿಗೆ ಜೆಲ್ ಸವರಿಕೊಂಡಿರುತ್ತಿದ್ದೆ. ಹದಿನೈದು ದಿನ ಹೀಗೆಯೇ ನಡೆಯಿತು. ಡಬ್ಬಿಯೊಳಗಿನ ಮಡಿಕೆಯ ಕಾಗದವನ್ನು ಮಗಳು ಬಿಚ್ಚಿ ಓದಿದಾಗಲೇ ಗೊತ್ತಾಯಿತು: ಹಚ್ಚಿದ ಜಾಗ ಕನಿಷ್ಠ ಒಂದು ಗಂಟೆ ಇನ್ನೊಬ್ಬರ ಮೈಗೆ ತಾಗಬಾರದು, ಕೈಯನ್ನು ಕೂಡಲೇ ಸಾಬೂನಿನಿಂದ ತೊಳೆಯಬೇಕು. ಚರ್ಮಕ್ಕೆ ಹಾಕಿಕೊಳ್ಳುವ ಈಸ್ಟ್ರೋಜೆನ್ ಸ್ಪ್ರೇ ತಾಗಿ ಚಿಕ್ಕ ಮಕ್ಕಳ ಎದೆ ಊದಿಕೊಂಡ ವರದಿಗಳು ಬಂದಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2010ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತೆಂದು ಆಮೇಲೆ ಓದಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳ ಡಾಕ್ಟರು ಕೂಸನ್ನು ನೋಡಿ ಏನೂ ಆಗಿಲ್ಲವೆಂದರು. ಆದರೂ ಇಂಥ ಮಾತನ್ನು ಇರುವೆಯಷ್ಟು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿಸಿಡುವುದು ನನ್ನ ಮಟ್ಟಿಗೆ ಈ ಔಷಧದ ದೊಡ್ಡ ದೋಷ. ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವ ನಮ್ಮ ಕಡೆಯ ಮನೆಗಳಲ್ಲಿ, ಡಬ್ಬಿಯ ಹೊರಗೆ ಕನ್ನಡದಲ್ಲಿ ಒಂದು ಸಾಲು ಇರಲೇಬೇಕಾಗಿತ್ತು.

ಈಗ ರಾತ್ರಿ ಊಟವಾಗಿ, ಕೂಸು ತೊಟ್ಟಿಲಿಗೆ ಹೋದ ಮೇಲೆ, ತೋಳಿಗೆ ಮಾತ್ರ ಹಚ್ಚಿಕೊಂಡು ಉದ್ದ ತೋಳಿನ ಕುಪ್ಪಸ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ನನ್ನ ಸ್ನಾನ ಮುಗಿದ ಮೇಲೆಯೇ ಕೂಸಿನ ಸ್ನಾನ.

ಖರ್ಚಿನ ಮಾತನ್ನೂ ಹೇಳಬೇಕು. 80 ಗ್ರಾಮಿನ ಟ್ಯೂಬು 32 ದಿನಕ್ಕೆ ಮುಗಿಯುತ್ತದೆ, ಮಾತ್ರೆಗಿಂತ ಬೆಲೆ ಹೆಚ್ಚು. ಒಮ್ಮೆ ಉಳಿತಾಯವಾಗಲೆಂದು ಯಾರನ್ನೂ ಕೇಳದೆ ಅರ್ಧ ಅಳತೆಗೆ ಇಳಿಸಿ 64 ದಿನ ನಡೆಸಲು ಹೋದೆ. ಹತ್ತನೆಯ ದಿನಕ್ಕೆ ಬೆವರು ಮರಳಿತು, ಡಾಕ್ಟರಮ್ಮ ಬೈದರು. ನಮ್ಮ ಓಣಿಯ ಔಷಧ ಅಂಗಡಿಯವರು, "ಅಕ್ಕೋರ, ಇದನ್ನ ಕೇಳೋರು ಇಲ್ಲೆ ನೀವೊಬ್ರ ಅದೀರಿ, ನಾಕು ದಿನ ಮೊದಲ ಹೇಳ್ರಿ" ಎನ್ನುತ್ತಾರೆ. ಅವರಲ್ಲಿ ಸಿಗದಿದ್ದಾಗ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗಿ ತರುತ್ತೇನೆ. ರಾಣೆಬೆನ್ನೂರಿನಲ್ಲಿ ನೂರಾರು ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಆರೋಪದ ಸುದ್ದಿಯನ್ನು ಓದಿದವಳು ನಾನು. ತಾಂಡಾಗಳಲ್ಲಿರುವ ಆ ತಾಯಂದಿರಿಗೆ ಇಂಥ ಟ್ಯೂಬೊಂದು ಇದೆಯೆಂದು ಯಾರಾದರೂ ಹೇಳಿದ್ದಾರೆಯೇ ಎಂಬ ಯೋಚನೆ ಪ್ರತಿ ಸಲ ಬಸ್ಸಿನಲ್ಲಿ ಬರುತ್ತದೆ.

ಹಾರ್ಮೋನು ಎಂದೊಡನೆ ಕ್ಯಾನ್ಸರ್ ಎನ್ನುವ ಬಂಧುಗಳಿಗೆ ನಾನು ಉತ್ತರ ಕೊಡುವುದನ್ನು ಕಲಿತಿದ್ದೇನೆ. 2002ರಲ್ಲಿ ಆ ಭಯ ಹುಟ್ಟಿಸಿದ ಅಮೆರಿಕದ ಅಧ್ಯಯನದ ಭಾಗ ಗರ್ಭಕೋಶವಿದ್ದ ಮಹಿಳೆಯರಿಗೆ ಎರಡು ಹಾರ್ಮೋನು ಕೊಟ್ಟದ್ದು. ಗರ್ಭಕೋಶ ತೆಗೆದವರಿಗೆ ಈಸ್ಟ್ರೋಜೆನ್ ಮಾತ್ರ ಕೊಟ್ಟ ಭಾಗ 2004ರಲ್ಲಿ ನಿಂತಾಗ ಪಾರ್ಶ್ವವಾಯು ಹೆಚ್ಚಿದ್ದು ಕಂಡಿತು, ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಅವರು ಮಾತ್ರೆ ನುಂಗಿದವರು, ಬಹುಪಾಲು ಅರವತ್ತು ದಾಟಿದವರು. ನನ್ನಂತೆ ಬೇಗ ಅಂಡಾಶಯ ಕಳೆದುಕೊಂಡವರು ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಚ್ಚಿಕೊಳ್ಳದಿದ್ದರೆ ಎಲುಬು ಸವೆಯುತ್ತದೆ ಎಂಬುದನ್ನೂ ಹೇಳುತ್ತೇನೆ.

ಮುಂದಿನ ತಿಂಗಳು ಮಗಳು ಕೂಸಿನೊಂದಿಗೆ ಗದಗಿಗೆ ಹೊರಡುತ್ತಾಳೆ. ಆದರೂ ಜೆಲ್ಲನ್ನು ಮತ್ತೆ ಬೆಳಿಗ್ಗೆಗೆ ಬದಲಿಸುವುದಿಲ್ಲ. ಅವರು ಹಬ್ಬಕ್ಕೆ ಯಾವಾಗ ಬೇಕಾದರೂ ಬಂದಾರು.