ಕಣ್ಣಿನ ಡ್ರಾಪ್ಸ್ ಡಬ್ಬಿ ಮೇಲಿನ ಆ ಒಂದು ‘ಡಿ’ ಅಕ್ಷರ ನೋಡಿ, ದಯವಿಟ್ಟು

ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಸಿಟ್ಟು ಆ ಮೆಡಿಕಲ್ ಅಂಗಡಿಯವನ ಮೇಲೆ, ಇನ್ನರ್ಧ ನನ್ನ ಮೇಲೇ. ಯಾಕೆಂದರೆ ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಆಂಟಿಬಯಾಟಿಕ್ ಕೆಲಸ ಮಾಡೋದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲಲ್ಲ, ಬೂಷ್ಟಿನ ಮೇಲಲ್ಲ ಅಂತ ವರ್ಷ ವರ್ಷ ಬೋರ್ಡ್ ಮೇಲೆ ಬರೆಯುವವನೇ ನಾನು. ಗೊತ್ತಿದ್ದೂ ಹಳ್ಳಕ್ಕೆ ಬಿದ್ದೆ.

ಪಾಂಡವಪುರದ ಹತ್ತಿರ ನಮ್ಮದು ಸ್ವಲ್ಪ ಕಬ್ಬಿದೆ. ಒಂದು ಭಾನುವಾರ ಗದ್ದೆಯಲ್ಲಿ ಒಣಗಿದ ಗರಿ ಬಿಡಿಸುತ್ತಿದ್ದಾಗ ಒಂದು ಗರಿ ಸರ್ರನೆ ಬಲಗಣ್ಣಿಗೆ ಬಡಿಯಿತು. ಬೋರ್‌ವೆಲ್ ನೀರಲ್ಲಿ ತೊಳೆದುಕೊಂಡೆ. ಸಂಜೆ ಕಣ್ಣು ಕೆಂಪಾಯಿತು, ಬೆಳಗ್ಗೆ ಎದ್ದರೆ ಗೀಜು. ಅಮ್ಮ ನಂದಬಟ್ಟಲು ಹೂ ಇಡ್ತೀನಿ ಅಂದರು, ಅದೆಲ್ಲ ಮೂಢನಂಬಿಕೆ ಅಂತ ಅವರಿಗೇ ಪಾಠ ಮಾಡಿ ಮೆಡಿಕಲ್ ಅಂಗಡಿಗೆ ಹೋದೆ. ನೋಡಿ ನನ್ನ ಬುದ್ಧಿವಂತಿಕೆ.

ನಮ್ಮ ಕಡೆ ಹೇಗೆ ಅಂತ ನಿಮಗೇ ಗೊತ್ತು. ಡಾಕ್ಟರ ಹತ್ತಿರ ಹೋದರೆ ಅರ್ಧ ದಿನ ರಜೆ, ಅಂಗಡಿಯಲ್ಲಾದರೆ ಎರಡು ನಿಮಿಷ. ಕಬ್ಬಿನ ಗರಿ ಬಡಿಯಿತು ಅಂತ ನಾನೇ ಬಾಯಿ ಬಿಟ್ಟು ಹೇಳಿದೆ. ಅವನು ಕಣ್ಣನ್ನು ಸರಿಯಾಗಿ ನೋಡಲೂ ಇಲ್ಲ. “ಮದ್ರಾಸ್ ಐ ಇರ್ಬೇಕು ಮೇಷ್ಟ್ರೇ. ಇದ್ನ ಬುಟ್ಕೊಳಿ, ಮೂರು ದಿನಕ್ಕೆ ಕ್ಲಿಯರ್ ಆಯ್ತದೆ. ಕಿವಿಗೂ ಆಯ್ತದೆ ಇದು, ಉಳಿದ್ರೆ ಮನೇಲಿ ಮಡೀಕಳಿ.” ಬಿಲ್ ಕೊಡಲಿಲ್ಲ. ನಾನೂ ಕೇಳಲಿಲ್ಲ. (ಮದ್ರಾಸ್ ಐ ಆಗಿದ್ದರೂ ಅದು ಬಹುಪಾಲು ವೈರಸ್ಸಿನದು, ತಾನಾಗೇ ಹೋಗುವಂಥದ್ದು. 2023ರ ಮಳೆಗಾಲದಲ್ಲಿ ಊರಿಗೆ ಊರೇ ಕಣ್ಣು ಕೆಂಪು ಮಾಡಿಕೊಂಡು ಇಂಥ ಡ್ರಾಪ್ಸ್ ಸುಮ್ನೆ ಬಿಟ್ಟುಕೊಂಡಿತ್ತಲ್ಲ.)

ಈಗ ಕೇಳಿ, ನಾನು ಮೋಸ ಹೋಗಿದ್ದು ಎಲ್ಲಿ ಅಂತ. ಎರಡೇ ದಿನಕ್ಕೆ ಕೆಂಪು ಪೂರ್ತಿ ಹೋಯಿತು! ಕಣ್ಣು ಹಾಲಿನ ಹಾಗೆ ಬೆಳ್ಳಗಾಯಿತು. ಆ ಅಂಗಡಿಯವನನ್ನು ಸ್ಟಾಫ್ ರೂಮಲ್ಲಿ ಹೊಗಳಿದೆ, ಇಬ್ಬರು ಮೇಷ್ಟ್ರುಗಳು ಅಂಗಡಿ ಎಲ್ಲಿದೆ ಅಂತಲೂ ಕೇಳಿಕೊಂಡರು. ಆರನೇ ದಿನ ನೋವು ಶುರುವಾಯಿತು. ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಡ್ರಾಪ್ಸ್ ಜಾಸ್ತಿ ಮಾಡಿದೆ, ಎರಡೆರಡು ಹನಿ. ಎಂಟನೇ ದಿನ ಕನ್ನಡಿಯಲ್ಲಿ ನೋಡಿದರೆ ಕರಿಗುಡ್ಡೆ ಮೇಲೆ ಬೆಳ್ಳಗೆ ಒಂದು ಚುಕ್ಕೆ. ಅಮ್ಮ ನೋಡಿ “ಅಯ್ಯೋ ಮಗಾ, ಕಣ್ಣಿಗೆ ಹೂ ಬಿದ್ದದೆ” ಅಂತ ಅಳಲು ಶುರು ಮಾಡಿದರು.

ರೈಲು ಹತ್ತಿ ಮೈಸೂರಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಬಾಟಲಿ ತಿರುಗಿಸಿ ನೋಡಿದರು. “ಮಾಕ್ಸಿಫ್ಲಾಕ್ಸಸಿನ್ ಅಂತ ಆಂಟಿಬಯಾಟಿಕ್ ಹೆಸರು ಓದಿದ್ರಿ. ಕೊನೇಲಿ ‘ಡಿ’ ಅಂತ ಇದೆಯಲ್ಲ, ಅದನ್ನ ಓದಿದ್ರಾ ಸಾರ್?” ಅಂದರು. ಓದಿರಲಿಲ್ಲ. ಡಿ ಅಂದರೆ ಡೆಕ್ಸಾಮೆಥಾಸೋನ್, ಸ್ಟೀರಾಯ್ಡ್. ಕೆಂಪು ಹೋಗಿದ್ದು ಅದರಿಂದ. ಗರಿ ಗೀರಿದ ಜಾಗದಲ್ಲಿ ಬೂಷ್ಟು ಹಿಡಿದಿತ್ತು, ಗದ್ದೆ ಕೆಲಸದವರಿಗೆ ಇದು ಆಗುತ್ತಲೇ ಇರುತ್ತದಂತೆ. ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಸ್ಟೀರಾಯ್ಡ್ ಮಾತ್ರ ಕಣ್ಣು ಅದರ ಜೊತೆ ಹೋರಾಡುವುದನ್ನೇ ನಿಲ್ಲಿಸಿಬಿಡುತ್ತದೆ. ನೋಡುವವರಿಗೆ ಕಣ್ಣು ಬೆಳ್ಳಗೆ, ಒಳಗೆ ಬೂಷ್ಟಿಗೆ ಹಬ್ಬ. ಹರ್ಪಿಸ್ ವೈರಸ್ ಇದ್ದರೂ ಹೀಗೇ ಕೆಡುತ್ತದಂತೆ, ತುಂಬಾ ದಿನ ಬಿಟ್ಟುಕೊಂಡರೆ ಕಣ್ಣಿನ ಒತ್ತಡ ಏರುತ್ತದೆ, ಪೊರೆಯೂ ಬರುತ್ತದೆ.

ಮರಗಟ್ಟುವ ಹನಿ ಹಾಕಿ, ಕರಿಗುಡ್ಡೆ ಮೇಲಿಂದ ಕೆರೆದು ತೆಗೆದು ಸ್ಲೈಡ್‌ನಲ್ಲಿ ನೋಡಿದರು. ಆಮೇಲೆ ಬೂಷ್ಟು ಕೊಲ್ಲುವ ನ್ಯಾಟಾಮೈಸಿನ್ 5% ಡ್ರಾಪ್ಸ್, ಗಂಟೆಗೊಂದು ಸಲ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಆರು ವಾರ. ಮೊಬೈಲಲ್ಲಿ ಗಂಟೆಗೊಂದು ಅಲಾರಾಂ, ಕ್ಲಾಸಲ್ಲಿ ಮಕ್ಕಳೇ “ಸಾರ್, ಹನಿ” ಅಂತ ನೆನಪಿಸುತ್ತಿದ್ದರು.

ಇನ್ನೊಂದು ಎಡವಟ್ಟು ಹೇಳಲೇಬೇಕು. ಅಂಗಡಿಯವನು ಕಿವಿಗೂ ಆಯ್ತದೆ ಅಂದಿದ್ದನಲ್ಲ, ತಂಗಿ ಮಗನ ಕಿವಿ ಸೋರುತ್ತಿದೆ ಅಂತ ಅಮ್ಮ ಅದೇ ಬಾಟಲಿಯಿಂದ ಅವನ ಕಿವಿಗೆ ಎರಡು ಸಲ ಬಿಟ್ಟಿದ್ದರು. ನನ್ನ ರೆಪ್ಪೆಗೆ ತಾಗಿದ ಮೂತಿ, ಮಗುವಿನ ಕಿವಿಗೆ! ಕಿವಿ ಡಾಕ್ಟರು ಚೆನ್ನಾಗಿ ಉಗಿದರು. ತಮಟೆಯಲ್ಲಿ ತೂತು ಇದೆಯೋ ಇಲ್ಲವೋ ಒಳಗೆ ನೋಡದೆ ಯಾವ ಡ್ರಾಪ್ಸೂ ಬಿಡಬಾರದು, ತೂತಿದ್ದರೆ ಜೆಂಟಮೈಸಿನ್, ನಿಯೋಮೈಸಿನ್ ಥರದ ಆಂಟಿಬಯಾಟಿಕ್‌ಗಳು ಕೇಳಿಸುವ ಶಕ್ತಿಯನ್ನೇ ಕೆಡಿಸಬಹುದು ಅಂದರು. ಕಿವಿ ಡ್ರಾಪ್ಸನ್ನಂತೂ ಯಾವತ್ತೂ ಕಣ್ಣಿಗೆ ಹಾಕಲೇಬೇಡಿ ಅಂದರು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ.

ಕಣ್ಣು ಸ್ವಲ್ಪ ಬಿಟ್ಟ ಮೇಲೆ ಅಂಗಡಿಗೆ ಹೋದೆ. ಅವನ ಉತ್ತರ ಹಾಗೇ ಬರೆಯುತ್ತೇನೆ. ಮೊದಲು, “ಕೆಂಪು ಹೋಯ್ತೋ ಇಲ್ವೋ ಹೇಳಿ ಮೇಷ್ಟ್ರೇ.” ಆಮೇಲೆ, “ನೀವು ಕೇಳಿದ್ರಿ, ನಾನ್ ಕೊಟ್ಟೆ.” ನಾನು ಕೇಳಿರಲಿಲ್ಲ! ಮಾಕ್ಸಿಫ್ಲಾಕ್ಸಸಿನ್ ಸರ್ಕಾರದ ‘ಎಚ್1’ ಅನ್ನೋ ಔಷಧಿ ಪಟ್ಟಿಯಲ್ಲಿದೆ, ಆ ನಿಯಮ 2014ರಿಂದಲೇ ಜಾರಿಯಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. “ಹಾಗಾದ್ರೆ ನನ್ನ ಡಾಕ್ಟರ ಹೆಸರು ಏನಂತ ಬರೆದೆಯಪ್ಪಾ?” ಅಂತ ಕೇಳಿದೆ. ನಕ್ಕುಬಿಟ್ಟ. “ಓದ್ದೋರು ನೀವು, ಡಬ್ಬಿ ಓದ್ಕೊಬೇಕಿತ್ತು” ಅಂದ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು, ಅದರಲ್ಲಿ ಒಬ್ಬಳು ನನ್ನ ಶಾಲೆ ಹುಡುಗಿಯ ತಾಯಿ. ಬಾಯಿಂದ ಮಾತೇ ಹೊರಡಲಿಲ್ಲ. ಅವನ ಮಾತು ನಿಜ ಅನ್ನೋದೇ ಹೆಚ್ಚು ಉರಿಯುತ್ತಿದೆ.

ಹಾಗಾಗಿ ಓದಿ. ಹೆಸರಿನ ಕೊನೆಯಲ್ಲಿ ಡಿ, ಡಿಎಕ್ಸ್ ಇದ್ದರೆ, ಒಳಗೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್ ಥರದ ಸ್ಟೀರಾಯ್ಡ್ ಇದ್ದರೆ ಡಾಕ್ಟರು ಕಣ್ಣು ನೋಡದೆ ಮುಟ್ಟಬೇಡಿ. ಗರಿ, ಹೊಟ್ಟು, ಮಣ್ಣು ಬಡಿದ ಕಣ್ಣಿಗಂತೂ ಬೇಡವೇ ಬೇಡ, ಅವತ್ತೇ ಹೋಗಿ ತೋರಿಸಿ. ಡಾಕ್ಟರು ಕೊಟ್ಟದ್ದಾದರೆ ಒಂದೇ ಹನಿ ಸಾಕು, ಕಣ್ಣಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ, ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ಮೂತಿ ಎಲ್ಲಿಗೂ ತಾಗಿಸಬೇಡಿ. ತೆರೆದು ಒಂದು ತಿಂಗಳಾದರೆ ಎಸೆಯಿರಿ, ಮನೆಯವರಿಗೆಲ್ಲ ಒಂದೇ ಬಾಟಲಿ ಮಾಡಬೇಡಿ.

ದೂರು ಕೊಡು ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಬಿಲ್ ಇಲ್ಲ, ಬಾಟಲಿ ಮಾತ್ರ ಇದೆ. ಚುಕ್ಕೆ ಸಣ್ಣದಾಗಿದೆ, ಕಲೆ ಉಳಿಯುತ್ತದೆ ಅಂದಿದ್ದಾರೆ ಡಾಕ್ಟರಮ್ಮ. ರಾತ್ರಿ ಎದುರಿಗೆ ಬರುವ ಬೈಕ್ ಲೈಟ್ ಒಡೆದ ಗಾಜಿನ ಹಾಗೆ ಕಾಣುತ್ತದೆ, ಅದಕ್ಕೆ ಸಂಜೆ ಆರರ ಮೇಲೆ ಗಾಡಿ ಮುಟ್ಟುತ್ತಿಲ್ಲ.