ಎಂಸಿಬಿ ಪದೇಪದೇ ಟ್ರಿಪ್ ಆಗುತ್ತದೆಯೆಂದು ದೊಡ್ಡದನ್ನು ಹಾಕಿಸಬೇಡಿ

ಯುಗಾದಿಯ ಹಿಂದಿನ ಸಂಜೆ ನಮ್ಮ ಅಡುಗೆಮನೆಯಲ್ಲಿ ಮೀನಿನ ವಾಸನೆ ಬರತೊಡಗಿತು. ನಮ್ಮದು ಮೀನು ತರುವ ಮನೆಯಲ್ಲ. ಅಮ್ಮ ಸಿಂಕಿನ ಕೆಳಗೆ ನೋಡಿದರು, ಕಸದ ಬುಟ್ಟಿಯನ್ನು ಹೊರಗಿಟ್ಟರು, ಕಿಟಕಿ ತೆರೆದರು. ವಾಸನೆ ಹೋಗಲಿಲ್ಲ. ಹೂರಣ ಬೇಯುತ್ತಿತ್ತು, ಪಕ್ಕದ ಒಲೆಗಳಲ್ಲಿ ಸಾರು ಮತ್ತು ಹಾಲು. ಒಲೆಯ ಹಿಂದಿನ ಟೈಲ್ಸ್ ಒರೆಸಲು ಹೋದ ಅಮ್ಮ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಗೋಡೆ ಬಿಸಿಯಾಗಿತ್ತು. ನಾನು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದೆ. ಸ್ವಿಚ್ ಮತ್ತು ಜಂಕ್ಷನ್ ಬಾಕ್ಸ್‌ಗಳ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಇಂಥದೇ ವಾಸನೆ ಬರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಿಮ್ಮ ಮನೆಯಲ್ಲಿ ಕಾರಣವಿಲ್ಲದೆ ಈ ವಾಸನೆ ಬಂದರೆ ಕಸದ ಬುಟ್ಟಿ ಹುಡುಕುತ್ತ ಕೂರಬೇಡಿ, ಮೊದಲು ಮೇನ್ ಆಫ್ ಮಾಡಿ.

ಆದದ್ದು ಇಷ್ಟು. ಮೈಸೂರಿನ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಹೊಸದು ಮಾಡಿಸುವಾಗ ನಾಲ್ಕು ಒಲೆಗಳ, ಕಟ್ಟೆಯೊಳಗೆ ಕೂರಿಸುವ ಇಂಡಕ್ಷನ್ ಹಾಬ್ ತಂದೆವು. ಅದರ ತಳದ ಫಲಕದಲ್ಲಿ 7200 ವ್ಯಾಟ್ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ 31 ಆಂಪಿಯರ್. ಈ ಭಾಗಾಕಾರವನ್ನು ನಾನು ಮಾಡಲಿಲ್ಲ, ಕೂರಿಸಲು ಬಂದ ಎಲೆಕ್ಟ್ರಿಷಿಯನ್ನೂ ಮಾಡಲಿಲ್ಲ. ಮೊದಲಿನಿಂದ ಅಲ್ಲಿದ್ದ 16 ಆಂಪಿಯರ್ ಸಾಕೆಟ್ಟಿನ ಲೈನಿಗೇ ಅವರು ಹಾಬನ್ನು ಸೇರಿಸಿಬಿಟ್ಟರು.

ಒಂದೆರಡು ಒಲೆ ಹಚ್ಚುವವರೆಗೆ ತೊಂದರೆಯಿರಲಿಲ್ಲ. ಮೂರನೆಯದನ್ನು ಹಚ್ಚಿ ಸ್ವಲ್ಪ ಹೊತ್ತಾದರೆ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಲೈನ್ ಕಡಿಯುವ ಬೋರ್ಡಿನ ಸ್ವಿಚ್) ಟ್ರಿಪ್ ಆಗುತ್ತಿತ್ತು. ಮತ್ತೆ ಕರೆಸಿದೆವು. ‘ಮೇಡಂ, ಎಂಸಿಬಿ ಹಳೆಯದಾಗಿ ವೀಕ್ ಆಗಿದೆ. 32 ಹಾಕುತ್ತೇನೆ, ಇನ್ನು ಬೀಳುವುದಿಲ್ಲ’ ಎಂದರು. ಹತ್ತು ನಿಮಿಷದ ಕೆಲಸ. ಅವರು ಹೇಳಿದಂತೆಯೇ ಅದು ಮತ್ತೆ ಬೀಳಲಿಲ್ಲ. ಮೂರು ತಿಂಗಳು ನಾನು ನೆಮ್ಮದಿಯಿಂದಿದ್ದೆ. ಆ ನೆಮ್ಮದಿಯನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಬ್ಬ ಕಳೆದ ಮೇಲೆ, ಪರವಾನಗಿಯಿರುವ ಬೇರೊಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಂದು ಟೈಲ್ಸ್ ಒಡೆದರು. ಒಳಗಿನ ಜಂಕ್ಷನ್ ಬಾಕ್ಸ್ ಒಂದು ಮೂಲೆಯಲ್ಲಿ ಕರಗಿ ಜೋತುಬಿದ್ದಿತ್ತು. ಕಪ್ಪು ನ್ಯೂಟ್ರಲ್ ವೈರಿನ ಎರಡು ತುದಿಗಳನ್ನು ಬರೀ ತಿರುಚಿ ಸೇರಿಸಿ ಟೇಪ್ ಸುತ್ತಿದ್ದರು. ಟೇಪು ಬೆಲ್ಲದ ಪಾಕದಂತೆ ಇಳಿದಿತ್ತು. ಜಾಯಿಂಟಿನ ಎರಡೂ ಕಡೆ ಗೇಣುದ್ದ ವೈರಿನ ಹೊದಿಕೆ ಕಂದಾಗಿತ್ತು. ಅವರು ಅದನ್ನು ಬಗ್ಗಿಸಿದಾಗ ಒಣ ಸಿಪ್ಪೆಯಂತೆ ಪುಡಿಪುಡಿಯಾಗಿ ಉದುರಿ, ಬೆತ್ತಲೆ ತಾಮ್ರ ಹೊರಗೆ ಕಂಡಿತು. ‘ಅಮ್ಮಾ, ಎಂಸಿಬಿ ಇರುವುದು ಒಲೆಯನ್ನು ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ’ ಎಂದರು. ಅಷ್ಟು ದಿನ ಅದು ನಮಗೆ ಹೇಳುತ್ತಿದ್ದದ್ದೇ ಅದು. ನಾವು ಅದರ ಬಾಯಿ ಮುಚ್ಚಿಸಿದ್ದೆವು.

ಲೆಕ್ಕವನ್ನು ಅವರು ಅಲ್ಲಿಯೇ ಹಾಳೆಯ ಮೇಲೆ ಬರೆದು ತೋರಿಸಿದರು. ಗೋಡೆಯೊಳಗಿದ್ದದ್ದು 2.5ರ ವೈರ್. ಅಂಗಡಿಯಲ್ಲಿ ‘ಎರಡೂವರೆ ಎಂಎಂ’ ಎನ್ನುತ್ತಾರೆ, ಆದರೆ ಅದು ತಾಮ್ರದ ಅಡ್ಡಕೊಯ್ತದ ಅಳತೆ, ಚದರ ಮಿಲಿಮೀಟರು. ಪೈಪಿನೊಳಗೆ, ನಮ್ಮ ಬೇಸಿಗೆಯಲ್ಲಿ, ಅದು ನಿರಾತಂಕವಾಗಿ ಹೊರುವುದು 20 ಆಂಪಿಯರ್ ಆಸುಪಾಸು. ಮೀಟರ್ ಬೋರ್ಡ್ ಮುಂಬಾಗಿಲಿನ ಹತ್ತಿರ, ಅಡುಗೆಮನೆ ಹಿತ್ತಲ ಕಡೆ. ಹೋಗಿಬರುವ ವೈರ್ ಒಟ್ಟು 36 ಮೀಟರ್. ಆ ಸಂಜೆ ಮೂರು ಒಲೆಗಳ ಜೊತೆ ಅದೇ ಲೈನಿನಲ್ಲಿ ರೈಸ್ ಕುಕ್ಕರೂ ಇತ್ತು, ಸುಮಾರು 30 ಆಂಪಿಯರ್. ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ಆಂಪಿಯರ್‌ಗೆ ಆ ವೈರ್ 115 ವ್ಯಾಟ್‌ನಷ್ಟು ಕಾಯುತ್ತಿದ್ದರೆ, 30ಕ್ಕೆ 250 ವ್ಯಾಟ್ ದಾಟುತ್ತದೆ. ಮಾಮೂಲಿ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿಯವರೆಗೆ. ಜಾಯಿಂಟ್ ಸಡಿಲವಿದ್ದ ಕಡೆಯಂತೂ ಕಾವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತದೆ.

20ರ ಎಂಸಿಬಿ 30 ಆಂಪಿಯರನ್ನು ಹೆಚ್ಚು ಹೊತ್ತು ಸಹಿಸುವುದಿಲ್ಲ. 32ರದಕ್ಕೆ ಅದು ದಿನನಿತ್ಯದ ಊಟ. 36 ಆಂಪಿಯರ್‌ವರೆಗೂ ಒಂದು ಗಂಟೆ ಸುಮ್ಮನಿರಲು ಅದಕ್ಕೆ ಅನುಮತಿಯಿದೆ. ಅಂದರೆ ಗೋಡೆಯೊಳಗೆ ವೈರ್ ಬೇಯುತ್ತಿದ್ದರೂ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ ಎಂಬ ಧೈರ್ಯ ನನಗಿತ್ತು. ಅದು ನೋಡುವುದು ಕರೆಂಟ್ ಸೋರಿ ಅರ್ತ್‌ಗೋ ಮನುಷ್ಯನ ಮೈಗೋ ಹೋಗುತ್ತಿದೆಯೇ ಎಂಬುದನ್ನು ಮಾತ್ರ, ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ಗೆ. ಲೋಡ್ ಹೆಚ್ಚಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಇಂಡಕ್ಷನ್ ಹಾಬೋ, ಗೋಡೆಯಲ್ಲಿ ಕೂರಿಸುವ ಓವನ್ನೋ ತರುವವರಿದ್ದರೆ, ಕೊಳ್ಳುವ ಮೊದಲೇ ಫಲಕದ ವ್ಯಾಟ್ ಓದಿ 230ರಿಂದ ಭಾಗಿಸಿ. ಬಂದ ಆಂಪಿಯರನ್ನು ಹೊರುವ ವೈರ್ ಮೊದಲು, ಆ ವೈರನ್ನು ಕಾಯುವ ಎಂಸಿಬಿ ಆಮೇಲೆ. ಈ ಅನುಕ್ರಮವನ್ನು ತಿರುಗಿಸುವ ಎಲೆಕ್ಟ್ರಿಷಿಯನ್‌ಗೆ ದಯವಿಟ್ಟು ಕೆಲಸ ಕೊಡಬೇಡಿ. ‘ಈಗ ಒಳಗಿರುವ ವೈರ್ ಎಷ್ಟರದು?’ ಎಂದು ಕೇಳಿ. ಬೋರ್ಡ್ ಬಿಚ್ಚಿ ನೋಡದೆ ಉತ್ತರ ಕೊಟ್ಟರೆ ಅದು ಊಹೆ.

ನಮಗೆ ಅವರು ಬೋರ್ಡಿನಿಂದ ಹಾಬಿನವರೆಗೆ ಪ್ರತ್ಯೇಕ ಪೈಪಿನಲ್ಲಿ 6 ಚದರ ಮಿ.ಮೀ. ತಾಮ್ರದ ವೈರ್ ಎಳೆದರು, ನಡುವೆ ಒಂದೂ ಜಾಯಿಂಟ್ ಇಲ್ಲದೆ, ಅಷ್ಟೇ ದಪ್ಪದ ಹಸಿರು ಅರ್ತ್ ವೈರಿನೊಂದಿಗೆ. ಈಗ ಅದೇ 30 ಆಂಪಿಯರ್‌ಗೆ ಕಾವು ನೂರು ವ್ಯಾಟ್‌ನ ಆಸುಪಾಸು. ಎಂಸಿಬಿ 32ರದೇ, ಆದರೆ ಈಗ ಅದರ ಹಿಂದೆ ತಕ್ಕ ವೈರ್ ಇದೆ. ಒಲೆಯಿಂದ ಒಂದು ಮಾರು ದೂರದಲ್ಲಿ, ಬೆಂಕಿ ದಾಟದೆ ಕೈಗೆ ಸಿಗುವ ಹಾಗೆ, ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿದ್ದಾರೆ. ಮನೆಗೆ ಮಂಜೂರಾಗಿದ್ದದ್ದು 3 ಕಿಲೋವ್ಯಾಟ್ ಮಾತ್ರ. ಹಾಬೊಂದೇ ಅದರ ಎರಡರಷ್ಟಕ್ಕಿಂತ ಹೆಚ್ಚು. ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಂಡು ಮೂರು ಫೇಸ್ ಸಂಪರ್ಕ ಪಡೆಯುವವರೆಗೆ, ಒಮ್ಮೆಗೆ ಒಂದೇ ಒಲೆ ಹಚ್ಚಿ ಎಂದು ಅವರು ತಾಕೀತು ಮಾಡಿದ್ದರು. ಹಾಗೆಯೇ ಮಾಡಿದೆವು.

ಒಡೆದ ಟೈಲ್ಸ್‌ಗೆ ಹೊಂದುವ ಬಣ್ಣ ಸಿಗದೆ ಒಲೆಯ ಹಿಂದೆ ಬಿಳಿಯ ತೇಪೆಯೊಂದು ಉಳಿದಿದೆ. ಅಡುಗೆ ಮಾಡುವಾಗ ಅಮ್ಮ ಇಂದಿಗೂ ಆಗಾಗ ಅದರ ಮೇಲೆ ಅಂಗೈಯಿಟ್ಟು ನೋಡುತ್ತಾರೆ.